ಸಣ್ಣ ಶಾಲೆಯೋ, ದೊಡ್ಡ ಶಾಲೆಯೋ?

ಮೇ ತಿಂಗಳು ಮುಗಿಯುತ್ತ ಬಂದಂತೆ ರೋಣ, ಗಜೇಂದ್ರಗಡ ಸೀಮೆಯ ಎರೆಹೊಲಗಳು ಮುಂಗಾರಿನ ಹಾದಿ ಕಾಯುತ್ತವೆ. ಮನೆಮನೆಗಳಲ್ಲಿ ಮಕ್ಕಳ ಓದಿನ ಚಿಂತೆಯೂ ಆಗಲೇ ತಲೆಯೆತ್ತುತ್ತದೆ. ಮುಶಿಗೇರಿಯಂಥ ಊರಿನಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗನ ತಂದೆ ಮಾಸ್ತರರನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸಣ್ಣ ಸಾಲ್ಯಾಗ ಕಲಿತರ ನಾಳೆ ದೊಡ್ಡ ಕಾಲೇಜಿನ್ಯಾಗ ಸೀಟು ಸಿಗತೈತೇನ್ರೀ, ಮಾಸ್ತರ?”

ಪ್ರಶ್ನೆ ಹಗುರವಾದುದಲ್ಲ. ಮಗನನ್ನು ಪಟ್ಟಣದ ದೊಡ್ಡ ಪ್ರೌಢಶಾಲೆಗೆ ಕಳುಹಿಸುವುದೆಂದರೆ ಬಾಡಿಗೆಯ ಕೋಣೆ, ಊಟದ ಖರ್ಚು, ಶುಲ್ಕ, ಇವೆಲ್ಲಕ್ಕೂ ಸಾಲ. ಒಮ್ಮೊಮ್ಮೆ ಮಗನ ಓದಿಗಾಗಿ ಮಗಳ ಓದು ನಿಲ್ಲುವುದೂ ಉಂಟು. ಆದುದರಿಂದ ಶಾಲೆಯ ಗಾತ್ರಕ್ಕೂ ಕಾಲೇಜಿನ ಪ್ರವೇಶಕ್ಕೂ ಇರುವ ನಂಟನ್ನು ಕೊಂಚ ತಾಳ್ಮೆಯಿಂದ ನೋಡಬೇಕು.

ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿ ಈ ನಂಟು ನೇರವಾದದ್ದು. 1997ರಲ್ಲಿ ಅಲ್ಲಿ ಮಾಡಿದ ಕಾನೂನಿನಂತೆ, ಪ್ರತಿಯೊಂದು ಪ್ರೌಢಶಾಲೆಯ ತರಗತಿಯಲ್ಲೂ ಮೊದಲ ಶೇಕಡ 10ರೊಳಗೆ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಆಸ್ಟಿನ್ ನಗರದ ವಿಶ್ವವಿದ್ಯಾಲಯದ ಮಿತಿ ಮಾತ್ರ ಆಮೇಲೆ ಇನ್ನಷ್ಟು ಬಿಗಿಯಾಯಿತು. 200 ಮಂದಿಯ ತರಗತಿಗೆ 20 ಅವಕಾಶಗಳು, 20 ಮಂದಿಯ ತರಗತಿಗೆ ಎರಡು. ಅಲ್ಲಿ ವಿದ್ಯಾರ್ಥಿಯ ಸ್ಪರ್ಧೆ ತನ್ನ ತರಗತಿಯವರೊಡನೆ.

ನಮ್ಮಲ್ಲಿ ಹಾಗಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳು ಮುಶಿಗೇರಿಯ ಬಾಲಕನಿಗೂ ಬೆಂಗಳೂರಿನ ಬಾಲಕನಿಗೂ ಒಂದೇ. ಮುಂದೆ ಇಂಜಿನಿಯರಿಂಗಿಗೆ ದ್ವಿತೀಯ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ವೈದ್ಯಕೀಯಕ್ಕೆ ಅಖಿಲ ಭಾರತದ ನೀಟ್. ತನ್ನ ಶಾಲೆಯಲ್ಲಿ ಅವನು ಮೊದಲನೆಯವನೋ ಹತ್ತನೆಯವನೋ ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಗಾತ್ರಕ್ಕೆ ಬೆಲೆಯೇ ಇಲ್ಲವೆ? ಉಂಟು, ಆದರೆ ಅದು ಬೇರೆ ದಾರಿಯಿಂದ ಬರುತ್ತದೆ. ದೊಡ್ಡ ಶಾಲೆಯಲ್ಲಿ ಗಣಿತದ ಶಿಕ್ಷಕರೊಬ್ಬರು ವರ್ಗವಾಗಿ ಹೋದರೆ ಇನ್ನೊಬ್ಬರು ಪಾಠ ಮುಂದುವರಿಸಿಯಾರು. ಸಣ್ಣ ಶಾಲೆಯಲ್ಲಿ ಇರುವವರೇ ಒಬ್ಬರು. ಅವರು ಹೋದರೆ ಹಲಗೆ ಬರಿದು. ಇತ್ತ ಸಣ್ಣ ಶಾಲೆಗೂ ತನ್ನದೇ ಆದ ಲಾಭವಿದೆ. ಅಲ್ಲಿ ಶಿಕ್ಷಕರು ಪ್ರತಿಯೊಬ್ಬ ಹುಡುಗನ ಹೆಸರನ್ನಷ್ಟೇ ಅಲ್ಲ, ಅವನು ಎಡವುವ ಲೆಕ್ಕವನ್ನೂ ಬಲ್ಲರು.

ಫಲಿತಾಂಶದ ಫಲಕಗಳನ್ನು ನೋಡಿ ಮರುಳಾಗುವುದೂ ಸರಿಯಲ್ಲ. 20 ಮಂದಿ ಪರೀಕ್ಷೆಗೆ ಕುಳಿತ ಶಾಲೆಯಲ್ಲಿ ಒಬ್ಬನು ಅನುತ್ತೀರ್ಣನಾದರೆ ಫಲಿತಾಂಶ ಶೇಕಡ 95ಕ್ಕೆ ಇಳಿಯುತ್ತದೆ. 200 ಮಂದಿಯ ಶಾಲೆಯಲ್ಲಿ ಅದು 99.5. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೇನರ್ 2007ರ ಲೇಖನವೊಂದರಲ್ಲಿ ತೋರಿಸಿದ್ದು ಇದನ್ನೇ: ಅಂಕಗಳ ಪಟ್ಟಿಯ ತುದಿಯಲ್ಲೂ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣುತ್ತವೆ, ಬುಡದಲ್ಲೂ ಅವೇ. ಒಂದು ವರ್ಷದ ಏರಿಳಿತದಿಂದ ಶಾಲೆಯ ಯೋಗ್ಯತೆಯನ್ನು ಅಳೆಯಲಾಗದು.

ಇನ್ನು ಬಹಳ ಮಂದಿ ತಂದೆತಾಯಂದಿರಿಗೆ ತಡವಾಗಿ ತಿಳಿಯುವ ಮಾತೊಂದಿದೆ. ಕರ್ನಾಟಕದ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲು. ಆದಾಯ ಮೊದಲಾದ ಬೇರೆ ನಿಬಂಧನೆಗಳೂ ಇವೆ. ಆದರೆ ಮುಖ್ಯವಾದ ಷರತ್ತು, ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಹಾಗೆ ಓದಿರಬೇಕೆಂಬುದು. ಏಳು ವರ್ಷ ಹಳ್ಳಿಯಲ್ಲಿ ಕಲಿತು, ಎಂಟನೆಯದಕ್ಕೆ ಗಜೇಂದ್ರಗಡದ ಪುರಸಭೆಯ ವ್ಯಾಪ್ತಿಯ ಶಾಲೆಗೆ ಸೇರಿದ ಬಾಲಕ ಗ್ರಾಮೀಣ ಮೀಸಲಾತಿಯನ್ನು ಕಳೆದುಕೊಳ್ಳುತ್ತಾನೆ. ಇಂಗ್ಲಿಷ್ ಮಾಧ್ಯಮಕ್ಕೆ ಬದಲಾದರೆ ಕನ್ನಡದ್ದೂ ಹೋಯಿತು. ತಂದೆ ಸಾಲ ಮಾಡಿ ಕೊಂಡದ್ದು ದೊಡ್ಡ ಕಟ್ಟಡ. ಅರಿಯದೆ ಬಿಟ್ಟದ್ದು ಮಗನ ಹಕ್ಕು.

ಹತ್ತನೆಯದು ಮುಗಿದ ಮೇಲೆ ಪಿಯುಸಿಗೆ ಗದಗಕ್ಕೋ ಧಾರವಾಡಕ್ಕೋ ಹೋಗಲು ಈ ನಿಯಮ ಅಡ್ಡಿ ಬರುವುದಿಲ್ಲ. ವಿಜ್ಞಾನದ ಪ್ರಯೋಗಶಾಲೆ, ಪ್ರವೇಶ ಪರೀಕ್ಷೆಯ ಸಿದ್ಧತೆ, ಬುದ್ಧಿವಂತ ಸಹಪಾಠಿಗಳ ಪೈಪೋಟಿ ಇವೆಲ್ಲ ನಿಜವಾಗಿ ಬೇಕಾಗುವುದು ಆಗಲೇ. ಕೂಡಿಟ್ಟ ಹಣಕ್ಕೂ ಅದೇ ಸರಿಯಾದ ಕಾಲ.

ಹಾಗೆಂದು ಶಿಕ್ಷಕರಿಲ್ಲದ ಶಾಲೆಯಲ್ಲಿ ಮೀಸಲಾತಿಯ ಆಸೆಗೆ ಮಗುವನ್ನು ಕೂಡಿಸುವುದು ವಿವೇಕವಲ್ಲ. ಅಡಿಪಾಯವೇ ಕುಸಿದರೆ ಶೇಕಡ 15 ಯಾರನ್ನೂ ಮೇಲೆತ್ತದು. ಆದುದರಿಂದ ತಂದೆಯಾದವನು ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳುವ ಮೊದಲು ಮೂರು ಮಾತು ಕೇಳಲಿ: ಗಣಿತ, ವಿಜ್ಞಾನ, ಇಂಗ್ಲಿಷುಗಳಿಗೆ ಶಿಕ್ಷಕರಿದ್ದಾರೆಯೆ? ಪ್ರಯೋಗಗಳನ್ನು ಮಕ್ಕಳ ಕೈಯಿಂದ ಮಾಡಿಸುತ್ತಾರೆಯೆ? ಹಿಂದಿನ ಐದು ವರ್ಷಗಳಲ್ಲಿ ಹತ್ತನೆಯದು ಮುಗಿಸಿದವರು ಈಗ ಎಲ್ಲಿದ್ದಾರೆ?

ಉತ್ತರ ಸಮಾಧಾನಕರವಾಗಿದ್ದರೆ ಮಗನನ್ನೂ ಮಗಳನ್ನೂ ಊರಿನ ಶಾಲೆಗೇ ಕಳುಹಿಸಬಹುದು. ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಊರವರು ಕೂಡಿ ಶಿಕ್ಷಣ ಇಲಾಖೆಯ ಬಾಗಿಲು ತಟ್ಟಬೇಕು. ಒಬ್ಬನ ಮಗ ಪಟ್ಟಣಕ್ಕೆ ಹೋದರೆ ಒಂದು ಮನೆಯ ಚಿಂತೆ ತೀರೀತು. ಗಣಿತದ ಮಾಸ್ತರರು ಊರಿಗೆ ಬಂದರೆ ಓಣಿಯ ಮಕ್ಕಳೆಲ್ಲರ ಲೆಕ್ಕವೂ ಸರಿಹೋದೀತು.