ಕಾಲರಾ ವಿಷ ಜೀವಕೋಶದೊಳಗೆ ನುಗ್ಗುವ ಬಗೆ

2024ರ ಏಪ್ರಿಲ್‌ನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಹಾಸ್ಟೆಲ್‌ನ 47 ವಿದ್ಯಾರ್ಥಿನಿಯರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದ್ದು ಹಲವರಿಗೆ ನೆನಪಿರಬಹುದು. ಒಬ್ಬಿಬ್ಬರಲ್ಲಿ ಕಾಲರಾ ಕಂಡುಬಂತೆಂದು ವರದಿಯಾಯಿತು. ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್ ನೀರಿಗೆ ಪರದಾಡಿದ ಬೇಸಿಗೆ ಅದು. ಆಗ ಬಸವೇಶ್ವರನಗರದ ನಮ್ಮವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಮಾತ್ರೆ ನುಂಗಿದರೂ ಭೇದಿ ಯಾಕೆ ಕೂಡಲೇ ನಿಲ್ಲುವುದಿಲ್ಲ?

ಭೇದಿ ಮಾಡಿಸುವುದು ಕ್ರಿಮಿಯಲ್ಲ, ಅದು ಬಿಡುವ ವಿಷ. ಇದನ್ನು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತಾದ ಡಾ. ಶಂಭುನಾಥ್ ಡೇ. ಕ್ರಿಮಿ ಕರುಳಿನ ಗೋಡೆಯ ಮೇಲೆಯೇ ಉಳಿಯುತ್ತದೆ, ಜೀವಕೋಶದ ಒಳಗೆ ಹೋಗುವುದು ವಿಷ ಮಾತ್ರ.

ಈ ವಿಷದಲ್ಲಿ ಎರಡು ಭಾಗ. ಐದು ತುಂಡುಗಳ ಒಂದು ಬಳೆ, ಅದರ ಮೇಲೆ ಕೂತ ಒಂದು ವಿಷದ ತುಂಡು. ನಮ್ಮ ಕರುಳಿನ ಕೋಶದ ಹೊರಮೈಯಲ್ಲಿ ಜಿಎಂ1 ಎಂಬ, ಸಕ್ಕರೆ ಅಂಟಿದ ಕೊಬ್ಬಿನ ಕಣಗಳಿವೆ. ಬಳೆ ಅವನ್ನು ಐದೂ ಕಡೆಯಿಂದ ಹಿಡಿದುಕೊಳ್ಳುತ್ತದೆ. ಕೋಶ ತನ್ನ ಮಾಮೂಲಿ ಸಾಗಣೆಯಲ್ಲೇ ಅದನ್ನು ಒಳಗೆ ಎಳೆದುಕೊಂಡು, ಪ್ರೋಟೀನ್ ತಯಾರಾಗುವ ಜಾಗಕ್ಕೆ ಮುಟ್ಟಿಸುತ್ತದೆ. ಅಲ್ಲಿ ಕೆಟ್ಟ ಮಾಲನ್ನು ಹೊರಹಾಕುವ ಒಂದು ಹಿಂಬಾಗಿಲಿದೆ. ವಿಷದ ತುಂಡು ಬಳೆಯಿಂದ ಕಳಚಿಕೊಂಡು, ರಿಜೆಕ್ಟ್ ಮಾಲಿನ ವೇಷದಲ್ಲಿ ಆ ಬಾಗಿಲಿನಿಂದ ಕೋಶದ ನಡುವಿಗೆ ಬರುತ್ತದೆ. ವ್ಯಾಪಾರದಲ್ಲಿ ಇಂಥ ಮೋಸ ನಾನು ಕಂಡಿಲ್ಲ!

ಬಂದದ್ದೇ, ಕೋಶದ ಒಂದು ಸ್ವಿಚ್ಚನ್ನು ಆನ್ ಆದ ಸ್ಥಿತಿಯಲ್ಲೇ ಬಿಗಿದುಬಿಡುತ್ತದೆ. ಉಪ್ಪಿನಂಶ ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರು. ಜೋರಾದ ಕಾಲರಾದಲ್ಲಿ ಗಂಟೆಗೆ 1 ಲೀಟರ್ ವರೆಗೂ ಹೋಗಬಹುದು. ಆ್ಯಂಟಿಬಯಾಟಿಕ್ ಕ್ರಿಮಿಯನ್ನು ಕೊಲ್ಲುತ್ತದೆ, ಒಳಹೊಕ್ಕ ವಿಷವನ್ನು ಅದು ಮುಟ್ಟುವುದಿಲ್ಲ.

ಆದರೆ ಒಂದು ಬಾಗಿಲನ್ನು ಈ ವಿಷ ಮುಚ್ಚಲಾರದು. ಗ್ಲೂಕೋಸ್ ಜೊತೆಗೆ ಬಂದ ಉಪ್ಪನ್ನು ಕರುಳು ಆಗಲೂ ಹೀರುತ್ತದೆ, ನೀರೂ ಜೊತೆಗೆ ಒಳಬರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಕುಡಿಸಿ, ಶೇ 30ರ ಆಸುಪಾಸಿನಲ್ಲಿದ್ದ ಸಾವನ್ನು ಶೇ 4ಕ್ಕಿಂತ ಕೆಳಗಿಳಿಸಿದರು. ಭೇದಿಯಾದವರಿಗೆ ನೀರು ಕೊಡಬಾರದು ಎನ್ನುವ ಮಾತು ಈಗಲೂ ಕೆಲವು ಮನೆಗಳಲ್ಲಿದೆ. ಅದು ಜೀವಕ್ಕೇ ಅಪಾಯ.

ನಮ್ಮಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುವ ಪದ್ಧತಿ ಇದೆಯಲ್ಲ, ಅದೂ ಉಪಯೋಗಕ್ಕೆ ಬಂದಿದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಡಚಿದ ಹಳೆ ಸೀರೆಯಲ್ಲಿ ಸೋಸಿ ಕುಡಿದವರಲ್ಲಿ ಕಾಲರಾ ಸುಮಾರು ಅರ್ಧಕ್ಕಿಳಿಯಿತೆಂದು 2003ರಲ್ಲಿ ಪ್ರಕಟವಾಯಿತು. ಕೆರೆಕುಂಟೆಯ ಸಣ್ಣ ಜಲಜೀವಿಗಳಿಗೆ ಅಂಟಿದ ಕ್ರಿಮಿ ಬಟ್ಟೆಯಲ್ಲಿ ನಿಲ್ಲುತ್ತದೆ. ಬಿಡಿ ಕ್ರಿಮಿ ಮಾತ್ರ ನುಸುಳಿಹೋಗುತ್ತದೆ. ಹಾಗಾಗಿ ಟ್ಯಾಂಕರ್, ಸಂಪಿನ ನೀರನ್ನು ಸೋಸಿದ ಮೇಲೆ ಕುದಿಸಲೇಬೇಕು.

1 ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಪೂರ್ತಿ 1 ಲೀಟರ್ ನೀರಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ ಕುಡಿಸಿ. ಅಷ್ಟಮಿ, ಚತುರ್ದಶಿಯ ಉಪವಾಸದಲ್ಲಿರುವ ಹಿರಿಯರಿಗೆ ನೀರಿನಂಥ ಭೇದಿ ಶುರುವಾದರೆ ಮನೆಯವರು ಮಾರನೆ ದಿನದ ಪಾರಣೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.