ಬಿಷಪ್ ಹುದ್ದೆ: ಸರಕಾರಿ ಸಂಬಳದಿಂದ ಸಭೆಯ ಆಯ್ಕೆಯವರೆಗೆ

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಮೂಡಲಗಿ ಬ್ರಿಟಿಷರ ಕಾಲದಲ್ಲಿ ಮುಂಬಯಿಯಲ್ಲಿ ಕೂತ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಸಭೆಯ, ಬಿಷಪ್ಪರ ವ್ಯಾಪ್ತಿಗೆ ಸೇರಿದ್ದವು. ಇಲ್ಲಿನ ರೈತರಿಗೆ ಆ ಬಿಷಪ್ ಯಾರೆಂಬುದೇ ತಿಳಿದಿರಲಿಲ್ಲ. ಆದರೆ ಅವರ ಸಂಬಳದಲ್ಲಿ ಇಂಥ ರೈತರ ಕಂದಾಯದ ಪಾಲಿತ್ತು. 1813ರ ಚಾರ್ಟರ್ ಕಾಯ್ದೆ ಕಲ್ಕತ್ತೆಗೆ ಒಬ್ಬ ಬಿಷಪ್ಪರನ್ನೂ ಕಲ್ಕತ್ತ, ಮದರಾಸು, ಮುಂಬಯಿಗೆ ಅವರ ಕೈಕೆಳಗಿನ ಒಬ್ಬೊಬ್ಬ ಆರ್ಚ್‌ಡೀಕನ್ನರನ್ನೂ ನೇಮಿಸಲು ದಾರಿ ಮಾಡಿತು. ಬಿಷಪ್ಪರಿಗೆ ವರ್ಷಕ್ಕೆ 5,000 ಪೌಂಡ್, ಆರ್ಚ್‌ಡೀಕನ್ನರಿಗೆ 2,000 ಪೌಂಡ್. ಎಲ್ಲವೂ ಭಾರತದ ಬೊಕ್ಕಸದಿಂದ. ಮುಂಬಯಿಯ ಆರ್ಚ್‌ಡೀಕನ್ ಆಗಿದ್ದ ಥಾಮಸ್ ಕಾರ್ 1837ರಲ್ಲಿ ಅಲ್ಲಿನ ಮೊದಲ ಬಿಷಪ್ ಆದರು. ಬೆಳಗಾವಿ ಕ್ಯಾಂಪಿನ ಸೇಂಟ್ ಮೇರೀಸ್ ಚರ್ಚು ಆ ವ್ಯವಸ್ಥೆಯ ಗುರುತು. ದಂಡಿನ ಬಿಳಿಯರಿಗಾಗಿ ಕಟ್ಟಿದ ಗುಡಿ ಅದು. ಬಿಷಪ್ ಎಂದರೆ ಸಾಮ್ರಾಜ್ಯದ ಅಲಂಕಾರ ಎಂಬ ಭಾವನೆಗೆ ಈ ಇತಿಹಾಸವೇ ಕಾರಣ. ಆ ಭಾವನೆ ಅಂದಿಗೆ ನಿಜವಾಗಿತ್ತು, ಇಂದಿಗೆ ಪೂರ್ತಿ ನಿಜವಲ್ಲ ಎಂಬುದು ನನ್ನ ವಾದ. ಈ ಹುದ್ದೆ ನಮ್ಮ ನೆಲದಲ್ಲಿ ಬೇರೂರಿದ್ದು ವೈಭವ ಕಳೆದುಕೊಂಡು ಸಭೆಗೆ ಉತ್ತರ ಹೇಳಬೇಕಾದಾಗ.

ಇದಕ್ಕೆ ಮೊದಲ ಆಕ್ಷೇಪ ಈ ಸೀಮೆಯಿಂದಲೇ ಬರುತ್ತದೆ. ಇಲ್ಲಿನ ಪ್ರೊಟೆಸ್ಟೆಂಟ್ ಸಭೆಗಳು ಹುಟ್ಟಿದ್ದೇ ಬಿಷಪ್ಪರಿಲ್ಲದೆ. ಬೆಳಗಾವಿಯಲ್ಲಿ 1820ರಿಂದ ಕೆಲಸ ಮಾಡಿದ ಲಂಡನ್ ಮಿಷನ್ನಿಗೂ, 1830ರ ದಶಕದಲ್ಲಿ ಧಾರವಾಡ, ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಷನ್ನಿಗೂ ಬಿಷಪ್ ಬೇಕಿರಲಿಲ್ಲ. ಶಾಲೆ ತೆರೆದದ್ದು, ಅಚ್ಚುಕೂಟ ನಡೆಸಿದ್ದು, ಕನ್ನಡದ ನಿಘಂಟು, ವ್ಯಾಕರಣ ಬರೆದದ್ದು ಆ ಪರಂಪರೆಗಳೇ ಹೊರತು ಮುಂಬಯಿಯ ಪೀಠವಲ್ಲ. ಹಾಗಾದರೆ ಬಿಷಪ್ ಯಾಕೆ? ಪ್ರಶ್ನೆ ಸರಿಯಾದದ್ದೇ. ಆದರೆ ಬಿಷಪ್ ಇಲ್ಲದ ಕಡೆ ಅಧಿಕಾರವೂ ಇರಲಿಲ್ಲವೆಂದು ತಿಳಿಯಬಾರದು. ಉಪದೇಶಿಯ ಸಂಬಳ, ಸಭಾಪಾಲಕರ ವರ್ಗಾವಣೆ, ಹೊಸ ಶಾಲೆಯ ಮಂಜೂರಾತಿ ಎಲ್ಲವೂ ಮಿಷನರಿ ಸಾಹೇಬರ ಕೈಯಲ್ಲಿದ್ದವು. ಕೊನೆಯ ಮಾತು ಲಂಡನ್ನಿನ ಅಥವಾ ಬಾಸೆಲ್ಲಿನ ಸಮಿತಿಯದು. ಮೊದಲ ಮಹಾಯುದ್ಧದಲ್ಲಿ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳಿಸಿದಾಗ ಬಾಸೆಲ್ ಸಭೆಗಳು ಅನಾಥವಾದವು. ಲಂಡನ್ ಮಿಷನ್ 1904ರಲ್ಲಿ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ವಹಿಸಿತು. ಹೀಗೆ ಜಿಲ್ಲೆಗೆ ಇನ್ನೊಂದು ಬಗೆಯ ಬಿಷಪ್ ಬಂದರು. ಮೆಥಡಿಸ್ಟ್ ಬಿಷಪ್ಪರನ್ನು ಪ್ರತಿನಿಧಿಗಳ ಸಮ್ಮೇಳನ ಚುನಾಯಿಸುತ್ತದೆ; ಯಾವ ಸಭಾಪಾಲಕರು ಯಾವ ಊರಿಗೆ ಎಂಬುದನ್ನು ವಾರ್ಷಿಕ ಸಮ್ಮೇಳನದಲ್ಲಿ ಎಲ್ಲರೆದುರು ಬಿಷಪ್ ಓದಿ ಹೇಳುತ್ತಾರೆ.

ಈ ಬೇರೆ ಬೇರೆ ಅನುಭವಗಳು ಒಂದು ಕಡೆ ಕೂಡಿದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ಆಂಗ್ಲಿಕನ್, ಬ್ರಿಟಿಷ್ ಮೆಥಡಿಸ್ಟ್ ಮತ್ತು ಬಿಷಪ್ಪರಿಲ್ಲದ ಮಿಷನ್ನುಗಳಿಂದ ಬೆಳೆದ ದಕ್ಷಿಣ ಭಾರತ ಐಕ್ಯ ಸಭೆಗಳು ಸೇರಿ ಅಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಬಿಷಪ್ ಹುದ್ದೆ ಆಂಗ್ಲಿಕನ್ನರದು. ಅದಕ್ಕೆ ಹಾಕಿದ ಲಗಾಮು ಮಾತ್ರ ಉಳಿದವರದು. ಒಬ್ಬ ಬಿಷಪ್ಪರ ವ್ಯಾಪ್ತಿಯೇ ಡಯಾಸಿಸ್. ಅದರ ಕೌನ್ಸಿಲ್, ಅಂದರೆ ಸಭಾಪಾಲಕರೂ ಸಾಮಾನ್ಯ ಸದಸ್ಯರೂ ಕೂಡಿದ ಸಭೆ, ಮತ ಹಾಕಿ ಕೆಲವು ಹೆಸರುಗಳನ್ನು ಆರಿಸುತ್ತದೆ. ಅವುಗಳಲ್ಲಿ ಒಂದನ್ನು ಇಡೀ ಸಭೆಯ ಮೇಲಿನ ಆಡಳಿತ ಮಂಡಳಿಯಾದ ಸಿನಡ್ ಒಪ್ಪುತ್ತದೆ. ಅಭಿಷೇಕದ ದಿನ ಆಯ್ಕೆಯಾದವರು ಮೊಣಕಾಲೂರಿ ಕೂರುತ್ತಾರೆ, ಕನಿಷ್ಠ ಮೂವರು ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಡಯಾಸಿಸ್‌ನ ಸಭಾಪಾಲಕರೂ ಅವರ ಜೊತೆ ಕೈಯಿಡಬಹುದು. ಇಂಗ್ಲೆಂಡಿನ ಹಲವರಿಗೆ ಈ ಕೂಡಿಕೆ ಸಹಿಸಲಾಗಲಿಲ್ಲ. ಕವಿ ಟಿ. ಎಸ್. ಎಲಿಯಟ್ ಈ ಯೋಜನೆಯ ವಿರುದ್ಧ 1943ರಲ್ಲಿ ಒಂದು ಕಿರುಹೊತ್ತಿಗೆಯನ್ನೇ ಬರೆದರು. ಬಿಷಪ್ಪರಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಹಾಗೆಯೇ ಒಪ್ಪಿದರೆ ಹುದ್ದೆಯ ಅರ್ಥವೇ ಕೆಡುತ್ತದೆ ಎಂಬುದು ವಿರೋಧಿಗಳ ಮುಖ್ಯ ಅಳಲು. ಸಿಎಸ್‌ಐ ಆ ಪಾದ್ರಿಗಳಿಗೆ ಮರುದೀಕ್ಷೆ ಕೊಡಲಿಲ್ಲ. ಇನ್ನು ಮುಂದಿನ ದೀಕ್ಷೆ ಬಿಷಪ್ಪರ ಕೈಯಿಂದ ಎಂದಷ್ಟೇ ಗೊತ್ತುಮಾಡಿತು. ಕಾಲ ಸಿಎಸ್‌ಐಯ ಪಕ್ಷ ವಹಿಸಿತು. ಮುಂದೆ ಆಂಗ್ಲಿಕನ್ ಕೂಟವೇ ಅದನ್ನು ತನ್ನ ಸದಸ್ಯನಾಗಿ ಒಪ್ಪಿಕೊಂಡಿತು. ಮೈಸೂರು ಡಯಾಸಿಸ್ 1970ರ ಹೊತ್ತಿಗೆ ವಿಂಗಡವಾಗಿ ಧಾರವಾಡಕ್ಕೆ ಕರ್ನಾಟಕ ಉತ್ತರ ಡಯಾಸಿಸ್‌ನ ಪೀಠ ಬಂತು. ಅಲ್ಲಿನ ಬಿಷಪ್ ವಸಂತ ದಂಡಿನ 1990ರ ದಶಕದಲ್ಲಿ ಇಡೀ ಸಿಎಸ್‌ಐಗೆ ಮಾಡರೇಟರ್ ಆದರು. ಈ ಸಭೆಯಲ್ಲಿ ಆರ್ಚ್‌ಬಿಷಪ್ ಇಲ್ಲ. ಬಿಷಪ್ಪರಲ್ಲೇ ಒಬ್ಬರನ್ನು ನಿಗದಿತ ಅವಧಿಗೆ ಮಾಡರೇಟರ್ ಆಗಿ ಸಿನಡ್ ಆರಿಸುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಚುನಾವಣೆ ಬಂದಲ್ಲಿ ಗುಂಪುಗಾರಿಕೆ ಬಂತು, ಚರ್ಚಿನ ಆಸ್ತಿಯ ವ್ಯಾಜ್ಯಗಳು ಕೋರ್ಟು ಹತ್ತಿದವು, ಇದಕ್ಕಿಂತ ಹಳೆಯ ನೇಮಕವೇ ವಾಸಿಯಿತ್ತು ಎನ್ನುವವರಿದ್ದಾರೆ. ವ್ಯಾಜ್ಯಗಳಿರುವುದು ಸುಳ್ಳಲ್ಲ, ಅದು ನೋವಿನ ಸಂಗತಿ. ಆದರೆ ಹಳೆಯ ಪದ್ಧತಿಯಲ್ಲಿ ಮುಂಬಯಿಯ ಬಿಷಪ್ಪರನ್ನು ಪ್ರಶ್ನಿಸಲು ಗೋಕಾಕದವನೊಬ್ಬನಿಗೆ ಯಾವ ದಾರಿಯೂ ಇರಲಿಲ್ಲ. ಜಗಳ ಕಾಣುತ್ತಿರಲಿಲ್ಲ, ಏಕೆಂದರೆ ಜಗಳವಾಡುವ ಹಕ್ಕೇ ಇರಲಿಲ್ಲ. ಈಗ ಕೌನ್ಸಿಲ್‌ನಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಹಳೆಯ ನೇಮಕ ಕೊಡಲು ಬಹಳ ತಡಮಾಡಿದ್ದನ್ನು ಚುನಾವಣೆ ಬೇಗ ಕೊಟ್ಟಿದೆ: ಕಲ್ಕತ್ತೆಯ ಮೊದಲ ಬಿಷಪ್ 1814ರಲ್ಲಿ ಬಂದಮೇಲೆ ಒಬ್ಬ ಭಾರತೀಯ, ವಿ. ಎಸ್. ಅಜರಯ್ಯ, ಆಂಗ್ಲಿಕನ್ ಬಿಷಪ್ ಆಗಲು 1912ರವರೆಗೆ ಕಾಯಬೇಕಾಯಿತು. 1947ರ ಒಂದೇ ದಿನ ಸಿಎಸ್‌ಐಗೆ ಒಂಬತ್ತು ಹೊಸ ಬಿಷಪ್ಪರ ಅಭಿಷೇಕವಾಯಿತು. 2013ರಲ್ಲಿ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಈ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಆ ಹೊತ್ತಿಗೆ ಇಂಗ್ಲೆಂಡಿನ ಸಭೆಯಲ್ಲಿ ಇನ್ನೂ ಒಬ್ಬ ಮಹಿಳೆಯೂ ಆ ಪೀಠ ಏರಿರಲಿಲ್ಲ.