ವಿಡಿಯೋ ನೋಡಿದರೆ ಸಾಕೇ, ಮಗುವಿಗೆ ಲೆಕ್ಕ ಬಂದುಬಿಡುತ್ತದೆಯೇ?

ಈ ವಿಡಿಯೋಗಳನ್ನು ದಿನಾ ತೋರಿಸಿ, ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಗಣಿತಕ್ಕೆ ಬೇರೇನೂ ಬೇಡ ಎನ್ನುವಂಥ ಫಾರ್ವರ್ಡ್‌ಗಳು ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಇದರಲ್ಲಿ ನಿಜವೆಷ್ಟು? ನೋಡೋಣ.

ನಿಜವಾದ ಭಾಗ

ವಿಡಿಯೋದಿಂದ ಮಕ್ಕಳು ಕಲಿಯುತ್ತಾರೆ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ‘ಸೆಸಮೀ ಸ್ಟ್ರೀಟ್’ ಟಿವಿ ಕಾರ್ಯಕ್ರಮವನ್ನು ಹೆಚ್ಚು ನೋಡಿದ ಪುಟ್ಟ ಮಕ್ಕಳು ಅಕ್ಷರ, ಅಂಕಿ ಗುರುತಿಸುವುದರಲ್ಲಿ ಹೆಚ್ಚು ಸುಧಾರಿಸಿದ್ದರು ಎಂದು ಮರುವರ್ಷದ ಮೌಲ್ಯಮಾಪನ ತೋರಿಸಿತು. ನಮ್ಮಲ್ಲೂ ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆಪ್‌ನಲ್ಲಿ ಪಾಠದ ವಿಡಿಯೋಗಳು ಸಿಗುತ್ತವೆ.

ಎಡವುವುದು ಎಲ್ಲಿ?

ಅಂಕಿ ಗುರುತಿಸುವುದು ಬೇರೆ, ಲೆಕ್ಕ ಅರ್ಥವಾಗುವುದು ಬೇರೆ. ಹೊಸ ವಿಷಯವನ್ನು ಮೊದಲು ಕೈಯಿಂದ ಮಾಡಿ, ಆಮೇಲೆ ಚಿತ್ರದಲ್ಲಿ ಕಂಡು, ಕೊನೆಗೆ ಚಿಹ್ನೆಯಲ್ಲಿ ಗ್ರಹಿಸುವ ಹಾದಿಯನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲೇ ವಿವರಿಸಿದ್ದರು. ವಿಡಿಯೋ ಎರಡನೇ ಮೆಟ್ಟಿಲು. ಮೊದಲನೆಯದನ್ನು ಅದು ಕೊಡಲಾರದು.

42ರಲ್ಲಿ 17 ಕಳೆಯುವ ಲೆಕ್ಕ ತೆಗೆದುಕೊಳ್ಳಿ. ‘2ರಲ್ಲಿ 7 ಹೋಗಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಎನ್ನುವುದನ್ನು ಕೇಳಿ ಮಗು ತಲೆಯಾಡಿಸುತ್ತದೆ. ಆದರೆ ಒಂದು ತಂದರೆ 2 ಇದ್ದದ್ದು 3 ಆಗಬೇಕಲ್ಲ, 12 ಹೇಗಾಯಿತು? ಇದು ತಿಳಿಯದ ಎಷ್ಟೋ ಮಕ್ಕಳು 7ರಲ್ಲೇ 2 ಕಳೆದು, ಉತ್ತರ 35 ಎಂದು ಬರೆಯುತ್ತಾರೆ. ವಿಡಿಯೋಗೆ ಆ ತಪ್ಪು ಕಾಣುವುದಿಲ್ಲ, ಅದು ಮುಂದಕ್ಕೆ ಓಡುತ್ತದೆ.

ಇದನ್ನೇ ಕಡ್ಡಿಗಳಲ್ಲಿ ಮಾಡಿಸಿ. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು ‘ಹದಿನೇಳು ಕೊಡು’ ಎನ್ನಿ. ಬಿಡಿ ಕಡ್ಡಿ ಸಾಲದೆ ಮಗು ಒಂದು ಕಟ್ಟು ಬಿಚ್ಚಬೇಕಾಗುತ್ತದೆ. ಈಗ ಬಿಡಿ 12. ಅದರಲ್ಲಿ 7 ಕೊಟ್ಟರೆ 5, ಉಳಿದ ಮೂರು ಕಟ್ಟಿನಲ್ಲಿ ಒಂದು ಕೊಟ್ಟರೆ ಎರಡು. ಉತ್ತರ 25. ‘ಸಾಲ’ ತಂದದ್ದು ಒಂದಲ್ಲ, ಹತ್ತು ಎಂಬುದು ಕೈಗೇ ಗೊತ್ತಾಯಿತು. ನಲಿ-ಕಲಿ ತರಗತಿಗಳು ಚಟುವಟಿಕೆಗೆ ಒತ್ತು ಕೊಡುವುದೂ ಇದಕ್ಕೇ.

ಈ ವಯಸ್ಸೇ ಏಕೆ ಮುಖ್ಯ?

ಹತ್ತು–ಬಿಡಿಗಳ ಲೆಕ್ಕ ಗಟ್ಟಿಯಾಗದಿದ್ದರೆ ಮುಂದೆ ಗುಣಾಕಾರ, ಭಾಗಾಕಾರ ಬರೀ ಬಾಯಿಪಾಠವಾಗುತ್ತವೆ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮೂಲ ಗಣಿತ ಬರಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ‘ನಿಪುಣ್ ಭಾರತ್’ ಆರಂಭಿಸಿದ್ದು ಇದೇ ಕಾರಣಕ್ಕೆ.

ಹಾಗಾದರೆ ಏನು ಮಾಡಬೇಕು?

• ಮೊದಲು ಕಡ್ಡಿ, ಹುಣಸೆ ಬೀಜದಲ್ಲಿ ಮಾಡಿಸಿ, ನಂತರ ವಿಡಿಯೋ ತೋರಿಸಿ.
• ಉತ್ತರ ಬರುವ ಮುನ್ನ ವಿಡಿಯೋ ನಿಲ್ಲಿಸಿ, ‘ಈಗ ಏನಾಗುತ್ತೆ?’ ಎಂದು ಕೇಳಿ.
• ಮರುದಿನ ವಿಡಿಯೋ ಇಲ್ಲದೆ ಅಂಥದ್ದೇ ಬೇರೆ ಲೆಕ್ಕ ಕೊಡಿ. ಉತ್ತರ ಸರಿಯಿದ್ದರೂ ‘ಹೇಗೆ ಮಾಡಿದೆ?’ ಎಂದು ಕೇಳಿ.

ನಮ್ಮ ತೀರ್ಮಾನ: ಇದು ಅರ್ಧಸತ್ಯ. ವಿಡಿಯೋ ಸಹಾಯ ಮಾಡುತ್ತದೆ, ಆದರೆ ಅದೊಂದೇ ಸಾಲದು. ಅಂಥ ವಿಡಿಯೋವನ್ನು ಫಾರ್ವರ್ಡ್ ಮಾಡುವುದಾದರೆ, ‘ಜೊತೆಗೆ 42 ಕಡ್ಡಿ ಎಣಿಸಿಟ್ಟುಕೊಳ್ಳಿ’ ಎಂಬ ಒಂದು ಸಾಲನ್ನೂ ಸೇರಿಸಿ ಕಳಿಸಿ.